ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರಲಿ

ನಮ್ಮ ಗೋಡೌನಿನಲ್ಲಿ ಕಾಫಿ ಮೂಟೆಗಳ ಪಕ್ಕ ಮಕ್ಕಳ ರೇಸ್ ಬೈಕೊಂದು ನಿಂತಿದೆ. ನನ್ನ ಮಗಳದ್ದು. ಅವಳಿಗೀಗ 7 ವರ್ಷ. ಅದರ ಮೇಲೆ ಕೂತು ನೆಲಕ್ಕೆ ಕಾಲೂರುವ ಹೊತ್ತಿಗೆ 11 ದಾಟಿರುತ್ತದೆ. ಸದ್ಯಕ್ಕೆ ಅದರ ಹ್ಯಾಂಡಲ್ ಮೇಲೆ ಖಾಲಿ ಗೋಣಿಚೀಲ ನೇತುಹಾಕಿದ್ದೇವೆ.

ಮೊನ್ನೆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದಾದರೂ ಇಳಿಸೋಣ ಅಂತ ಕೂತಿದ್ದೇನೆ.

ಆಲ್ದೂರಿನ ಕಡೆ ನಮ್ಮದು ಸಣ್ಣ ತೋಟ. ಚಿಕ್ಕಮಗಳೂರಿನ ತೋಟದ ಮಣ್ಣು ರಸ್ತೆಗಳಲ್ಲಿ ಮೋಟಾರ್ ರೇಸಿನ ರ‍್ಯಾಲಿ ನಡೆಯುವುದು ಹೊಸದೇನಲ್ಲ. ಬೇರೆ ಊರಿನ ಮಕ್ಕಳು ಟಿವಿಯಲ್ಲಿ ಕ್ರಿಕೆಟ್ ನೋಡಿ ಬ್ಯಾಟು ಕೇಳುತ್ತವೆ. ಇಲ್ಲಿನವು ಧೂಳು ನೋಡಿ ಬೈಕು ಕೇಳುತ್ತವೆ. ನಮ್ಮವಳೂ ಕೇಳಿದಳು. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ "ಅಮ್ಮನ್ನ ಕೇಳು" ಅಂದರು. ಅಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು.

ನಾನು ಒಂದು ಮಿಕ್ಸಿ ತಗೊಳ್ಳಬೇಕಾದರೂ ಮೂರು ಅಂಗಡಿ ತಿರುಗುವವಳು. ಒಂದು ತಿಂಗಳು ಬರೀ ಇದನ್ನೇ ಓದಿದೆ. ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಗಳ ಮಧ್ಯೆ ಗಣಿತದ ಪುಸ್ತಕ ಇಟ್ಟು ಮೇಲಕ್ಕೆ ಒತ್ತಿಸಿ, ಅದರ ಅಂಚಿಗೆ ಪೆನ್ಸಿಲ್ ಗುರುತು ಹಾಕಿ, ಟೈಲರ್ ಟೇಪಿನಲ್ಲಿ ಅಳೆದೆ. 54 ಸೆಂಟಿಮೀಟರ್. ಗಣಿತದ ಪುಸ್ತಕ ಅವಳಿಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಮೊದಲ ಬೈಕಿಗೆ ಈ ಅಳತೆಯೇ ಮುಖ್ಯ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಸಿಸಿ, ಬಣ್ಣ, ಕಂಪನಿ ಎಲ್ಲ ಆಮೇಲೆ. ಯಮಹಾದ ಪಿಡಬ್ಲ್ಯೂ 50 ಅಂತ ಒಂದಿದೆ. 1980ರ ದಶಕದ ಶುರುವಿನಿಂದ ಬರುತ್ತಿರುವ ಪುಟಾಣಿ ಗಾಡಿ. ಸೀಟು ನೆಲದಿಂದ ಅರ್ಧ ಮೀಟರೂ ಇಲ್ಲ. ತೂಕ ಸುಮಾರು 40 ಕೆಜಿ, ಅಂದರೆ ನಮ್ಮ ಒಂದು ಕಾಫಿ ಮೂಟೆಗಿಂತ ಹಗುರ. ಮೇಲೆ ಬಿದ್ದರೂ ಎತ್ತಬಹುದು. ಗೇರಿಲ್ಲ, ಕ್ಲಚ್ಚಿಲ್ಲ, ಕಾಲು ಸಿಕ್ಕಿಕೊಳ್ಳಲು ಚೈನೂ ಇಲ್ಲ. ಹೋಂಡಾದ ಸಿಆರ್‌ಎಫ್ 50 ಸ್ವಲ್ಪ ಎತ್ತರ. ಅದಕ್ಕೆ ಮೂರು ಗೇರಿದೆ, ಆದರೆ ಕ್ಲಚ್ ಹಿಡಿಯುವ ಕೆಲಸವಿಲ್ಲ. ನನಗೆ ತುಂಬ ಹಿಡಿಸಿದ್ದು ಈ ಗಾಡಿಗಳ ಆಕ್ಸಿಲರೇಟರಿಗೆ ಇರುವ ಒಂದು ಸ್ಕ್ರೂ. ಅದನ್ನು ಬಿಗಿ ಮಾಡಿಟ್ಟರೆ ಮಗು ಎಷ್ಟೇ ತಿರುಚಲಿ, ಗಾಡಿ ನಾವು ಬಿಟ್ಟಷ್ಟೇ ಹೋಗುತ್ತದೆ. ನಮ್ಮ ತವರಿನಲ್ಲಿ ಕೆಲವರಿಗೆ ಇಂಥ ಸ್ಕ್ರೂ ಇರಬೇಕಿತ್ತು.

ಇಷ್ಟೆಲ್ಲ ಪಾಠವನ್ನು ಫೋನಿನಲ್ಲಿ ನಮ್ಮಣ್ಣನಿಗೂ ಒಪ್ಪಿಸಿದೆ. ತಪ್ಪಾಗಿದ್ದು ಅಲ್ಲೇ.

ಭಾನುವಾರ ಬೆಳಿಗ್ಗೆ ಅವನ ಪಿಕಪ್ ಬಂತು. ಹಿಂದೆ ಹಗ್ಗ ಬಿಗಿದ 65 ಸಿಸಿಯ ಸೆಕೆಂಡ್‌ಹ್ಯಾಂಡ್ ರೇಸ್ ಬೈಕು. ಕ್ಲಚ್ಚು, ಗೇರು ಎಲ್ಲ ಇದೆ. ಸೀಟು ಮುಕ್ಕಾಲು ಮೀಟರ್ ಎತ್ತರ. ಸೊಸೆಗೆ ಮಾವನ ಉಡುಗೊರೆ. ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದು ಅಂತಾರೆ. ನಾನು ಹಲ್ಲು ನೋಡಲಿಲ್ಲ, ಕಾಲು ನೋಡಿದೆ. ಮಗಳನ್ನು ಎತ್ತಿ ಕೂರಿಸಿದರೆ ಅವಳ ಎರಡೂ ಕಾಲು ಬಾವಿಗೆ ಬಿಟ್ಟ ಹಗ್ಗದ ಹಾಗೆ ನೇತಾಡುತ್ತಿದ್ದವು.

"ಅಣ್ಣಾ, ದೊಡ್ಡದಾಯ್ತಲ್ಲೋ."

"ಬೆಳೆಯೋ ಮಗು ಕಣೇ, ಸ್ವಲ್ಪ ದೊಡ್ಡದೇ ಇರಲಿ. ಚಿಕ್ಕದು ತಗೊಂಡ್ರೆ ಎರಡು ವರ್ಷಕ್ಕೆ ಮತ್ತೊಂದು ಬೇಕು. ದುಡ್ಡೇನು ಗಿಡದಲ್ಲಿ ಬಿಡುತ್ತಾ?"

ಕಾಫಿ ಬೆಳೆಯುವವರು ಆಡುವ ಮಾತಲ್ಲ ಇದು.

ಹೆಲ್ಮೆಟ್ಟೂ ತಂದಿದ್ದ. ಅದೂ ಅದೇ ಲೆಕ್ಕದಲ್ಲಿ. ಹೆಲ್ಮೆಟ್ ಅಂದರೆ ಕೆನ್ನೆ ಒತ್ತುವಷ್ಟು ಬಿಗಿಯಾಗಿರಬೇಕು, ತಲೆ ತಿರುಗಿದರೆ ಜೊತೆಗೇ ತಿರುಗಬೇಕು. "ಹಿಡಿಸ್ತಾ ಪುಟ್ಟಿ?" ಅಂತ ಮಾವ ಕೇಳಿದ. ಅವಳು ಒಳಗಿನಿಂದ ಇಲ್ಲ ಇಲ್ಲ ಅಂತ ಜೋರಾಗಿ ತಲೆ ಅಲ್ಲಾಡಿಸಿರಬೇಕು. ಹೆಲ್ಮೆಟ್ ಮಾತ್ರ ನೆಟ್ಟಗೆ ಮುಂದೆ ನೋಡುತ್ತಾ ನಿಂತಿತ್ತು. "ನೋಡಿದ್ಯಾ, ಸರಿಯಾಗಿದೆ" ಅಂದ.

ನಾನು ಇನ್ನೂ ಏನೋ ಹೇಳುತ್ತಿದ್ದೆ. "ನೀನು ಸುಮ್ನೆ ಹೆದರಿಸ್ತೀಯ, ಎಷ್ಟು ಸಲೀಸು ನೋಡು" ಅಂತ ತಾನೇ ಹತ್ತಿದ. ಲುಂಗಿ ಮೇಲೆ ಕಟ್ಟಿದ. ಕಾಲಿಗೆ ಹವಾಯಿ ಚಪ್ಪಲಿ. ಅವನ ತೂಕ ನಾನು ಹೇಳುವುದಿಲ್ಲ. ಸ್ಪ್ರಿಂಗುಗಳು ಹೇಳಿದವು. ಮಂಡಿಗಳು ಕಿವಿಯ ಹತ್ತಿರ ಬಂದವು.

ಜನವರಿ ತಿಂಗಳು, ಕಣದ ತುಂಬ ಕಾಫಿ ಚೆರ್ರಿ ಒಣಗಲು ಹರವಿದ್ದೆವು. ಅಂಚಿನಲ್ಲಿ ನಡೆದಾಡಲು ಬಿಟ್ಟ ಎರಡಡಿ ಜಾಗದಲ್ಲಿ ಅವನು ಗಾಡಿ ಸ್ಟಾರ್ಟ್ ಮಾಡಿದ. ಇಂಥ ಟೂ ಸ್ಟ್ರೋಕ್ ಗಾಡಿಗಳು ಶುರುವಿನಲ್ಲಿ ಬಹಳ ಸಾಧು. ಕೊಟ್ಟಷ್ಟು ಆಕ್ಸಿಲರೇಟರನ್ನೂ ನುಂಗಿಕೊಂಡು ಸುಮ್ಮನಿರುತ್ತವೆ. "ಏನೇ ಇದು, ದಮ್ಮೇ ಇಲ್ಲ" ಅಂತ ಅಣ್ಣ ಇನ್ನೊಂದು ಸ್ವಲ್ಪ ತಿರುಚಿದ. ಆಗ ಬಂತು ದಮ್ಮು. ನುಂಗಿದ್ದನ್ನೆಲ್ಲ ಒಟ್ಟಿಗೆ ಕಕ್ಕಿದ ಹಾಗೆ ಗಾಡಿ ಚಂಗನೆ ಹಾರಿತು. ಅಣ್ಣ ಹಿಂದಕ್ಕೆ ವಾಲಿದ. ವಾಲಿದರೆ ಕೈ ಎಳೆಯುತ್ತದೆ, ಕೈ ಎಳೆದರೆ ಆಕ್ಸಿಲರೇಟರ್ ಇನ್ನೂ ತಿರುಗುತ್ತದೆ, ತಿರುಗಿದರೆ ಇನ್ನೂ ವಾಲುತ್ತಾನೆ. ಹೊಸಬರು ಬೀಳುವುದೇ ಹೀಗೆ ಅಂತ ನಾನು ಫೋನಿನಲ್ಲಿ ಹೇಳಿದ್ದೆ. ಅವನು ಬೀಳಲೂ ಇಲ್ಲ. ಅದೇ ತೊಂದರೆ ಆಗಿದ್ದು. ಕಣದ ಈ ತುದಿಯಿಂದ ಆ ತುದಿಗೆ ಚೆರ್ರಿ ಸೀಳಿಕೊಂಡು ಹೋದ, ಒಂದು ಕಾಲು ನೆಲದ ಮೇಲೆ ಉಜ್ಜುತ್ತಾ ತಿರುಗಿದ, ವಾಪಸ್ ಬಂದ. ಬರುವಾಗ ಒಂದು ಚಪ್ಪಲಿ ಇರಲಿಲ್ಲ. "ಬ್ರೇಕು! ಬ್ರೇಕು!" ಅಂತ ನಾವು ಕೂಗಿದೆವು. "ಗೊತ್ತು! ಗೊತ್ತು!" ಅಂತ ಅವನೂ ಕೂಗುತ್ತಲೇ ನಮ್ಮನ್ನು ದಾಟಿ ಹೋದ. ಮೂರನೇ ಸಲ ಟಾರ್ಪಾಲಿನ ಗುಡ್ಡೆಗೆ ಹೋಗಿ ಗುದ್ದಿ, ಗಾಡಿ ಆಫ್ ಆಗಿ, ಅದರ ಮೇಲೇ ಮೆಲ್ಲಗೆ ಒರಗಿಕೊಂಡ, ಮಧ್ಯಾಹ್ನದ ನಿದ್ದೆಗೆ ಮಲಗಿದವನ ಹಾಗೆ.

ಕಣದಲ್ಲಿ ಪೂರ್ತಿ ಮೌನ. ತೋಟದ ಲೆಕ್ಕ ಬರೆಯುವ ನಮ್ಮ ರೈಟರು ಬಗ್ಗಿ, ಉದ್ದಕ್ಕೆ ಎದ್ದಿದ್ದ ಸಾಲುಗಳನ್ನು ನೋಡಿ, "ಅಮ್ಮಾ, ಅಣ್ಣಾವ್ರು ಚೆರ್ರಿ ಕೆದಕಿ ಕೊಟ್ಟಿದಾರೆ. ಮಧ್ಯಾಹ್ನಕ್ಕೆ ಆಳು ಬೇಡ ಬಿಡಿ" ಅಂದರು.

ಅಣ್ಣ ಎದ್ದು ಲುಂಗಿ ಕೊಡವಿಕೊಂಡ. ಹೇಳಿದ್ದು ಒಂದೇ ಮಾತು. "ಇಂಜಿನ್ ಚೆನ್ನಾಗಿದೆ."

ಊಟಕ್ಕೆ ಕಡುಬು, ಕೋಳಿಸಾರು ಬಡಿಸುವಾಗ ಇನ್ನೊಂದು ಐಡಿಯಾ ಕೊಟ್ಟ. ಕಣ ಚಿಕ್ಕದು, ಟಾರು ರೋಡಿನಲ್ಲಿ ಕಲಿಸೋಣ ಅಂತ. 18 ತುಂಬದೆ ರೋಡಿಗಿಳಿಯುವ ಹಾಗಿಲ್ಲ. 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗಾದರೂ 16 ಆಗಬೇಕು. ಮಕ್ಕಳ ಕೈಗೆ ಕೊಟ್ಟು ಸಿಕ್ಕಿಬಿದ್ದರೆ ದೊಡ್ಡವರಿಗೆ 25,000 ದಂಡ, 3 ವರ್ಷದವರೆಗೆ ಜೈಲು. ಇದನ್ನು ಹೇಳಿದ ಮೇಲೆ ಅವನು ಇನ್ನೆರಡು ಕಡುಬು ಹಾಕಿಸಿಕೊಂಡ.

ಈ 'ದೊಡ್ಡದೇ ಇರಲಿ' ಅವನದಲ್ಲ, ಅಪ್ಪನಿಂದ ಬಂದದ್ದು. ನನ್ನ ಒಂದನೇ ಕ್ಲಾಸಿನ ಯೂನಿಫಾರ್ಮ್ ಲಂಗಕ್ಕೆ ಅಂಚಿನಲ್ಲಿ ಮೂರು ಮಡಿಕೆ ಇತ್ತು. ವರ್ಷಕ್ಕೊಂದು ಬಿಚ್ಚುವುದು. ಪೂರ್ತಿ ಬಿಚ್ಚಿ ನನಗೆ ಸರಿಯಾಗುವ ಹೊತ್ತಿಗೆ ಲಂಗ ಮೂರು ಬಣ್ಣದ ಪಟ್ಟೆಯಾಗಿತ್ತು. ಸೈಕಲ್ ಅಂತೂ ಅಪ್ಪನದೇ, ದೊಡ್ಡ ಬಾರ್ ಇರುವುದು. ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತೆ. ಇಳಿಯಬೇಕಾದರೆ ಬೀಳಲೇಬೇಕು, ಬೇರೆ ದಾರಿ ಇರಲಿಲ್ಲ. ಹಿಂದೆ ಕ್ಯಾರಿಯರ್ ಹಿಡಿದು ಓಡುತ್ತಿದ್ದವನು ಇದೇ ಅಣ್ಣ. ಬಿದ್ದಾಗ ಕಮ್ಯುನಿಸ್ಟ್ ಸೊಪ್ಪು ಜಜ್ಜಿ ಮಂಡಿಗೆ ಹಿಂಡುತ್ತಿದ್ದವನೂ ಅವನೇ. ಸೀಟಿನ ಮೇಲೆ ಕೂತು ಕಾಲು ಎಟುಕುವಷ್ಟು ನಾನು ಬೆಳೆಯುವ ಹೊತ್ತಿಗೆ ಅಪ್ಪ ಆ ಸೈಕಲ್ ಮಾರಿಬಿಟ್ಟಿದ್ದರು.

ಮಗಳಿಗೆ ಮೂಡಿಗೆರೆ ಕಡೆ ಒಂದು ಹಳೆಯ 50 ಸಿಸಿ ಸಿಕ್ಕಿದೆ. ಆ ಮನೆಯ ಹುಡುಗ ಬೆಳೆದುಬಿಟ್ಟನಂತೆ. ಮುಂದಿನ ವಾರ ಹೋಗಿ ತರುತ್ತೇವೆ. ಅಣ್ಣನಿಗೆ ಗೊತ್ತಾಗಿ, ಅದಕ್ಕೆ ಜೋಡಿ ಅಂತ ಬೂಟು ಕಳಿಸಿದ್ದಾನೆ. ಎರಡು ಸೈಜು ದೊಡ್ಡದು. ಮುಂದೆ ಪೇಪರ್ ತುರುಕಬೇಕಂತೆ.

ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗೋಣಿಚೀಲ ತೆಗೆಯಲು ಗೋಡೌನಿಗೆ ಹೋದವಳು ಬಾಗಿಲು ಮುಂದಕ್ಕೆ ಎಳೆದುಕೊಂಡು, ನೈಟಿ ಎತ್ತಿ ಕಟ್ಟಿ, ಆ ಬೈಕಿನ ಮೇಲೆ ಕೂತೆ. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವು. ಹೆಲ್ಮೆಟ್ಟೂ ಹಾಕಿ ನೋಡಿದೆ. ಕೆನ್ನೆ ಒತ್ತುತ್ತದೆ.

ಅಣ್ಣನಿಗೆ ಇನ್ನೂ ಹೇಳಿಲ್ಲ.