ದುಂಡು ಮೇಜಿನ ಹರಟೆ

ಒಂದು ಕಾಫಿಗೆ ಎರಡು ಗಂಟೆ ಕುರ್ಚಿ ಬಿಸಿ ಮಾಡುವವರನ್ನು ಕಂಡರೆ ಯಾವ ಹೋಟೆಲಿನವರಿಗೂ ಆಗುವುದಿಲ್ಲ. ಆದರೆ ನ್ಯೂಯಾರ್ಕಿನ ನಲವತ್ನಾಲ್ಕನೇ ಬೀದಿಯ ಆಲ್ಗಾಂಕ್ವಿನ್ ಹೋಟೆಲ್ ಹೆಸರು ಮಾಡಿದ್ದೇ ಇಂಥವರಿಂದ.

ಶುರುವಾಗಿದ್ದು 1902ರಲ್ಲಿ. ಮೊದಲು 'ಪ್ಯೂರಿಟನ್', ಅಂದರೆ ಮಡಿವಂತ ಅಂತ ಹೆಸರಿಡುವವರಿದ್ದರಂತೆ. ಅಲ್ಲೇ ಕೆಲಸಕ್ಕಿದ್ದ ಫ್ರಾಂಕ್ ಕೇಸ್ ಬೇಡ ಅಂದ, ಆ ನೆಲದ ಮೂಲನಿವಾಸಿಗಳ ಹೆಸರು ಬಂತು. ಒಳ್ಳೆಯದೇ ಆಯಿತು ಬಿಡಿ. ಮುಂದೆ ಅಲ್ಲಿ ನಡೆದ ಮಾತುಕತೆಗೂ ಮಡಿವಂತಿಕೆಗೂ ಎಣ್ಣೆ ಸೀಗೆಕಾಯಿ.

1919ರಲ್ಲಿ ನಾಟಕ ವಿಮರ್ಶಕ ಅಲೆಕ್ಸಾಂಡರ್ ವುಲ್ಕಾಟ್ ಮೊದಲ ಮಹಾಯುದ್ಧದಿಂದ ವಾಪಸ್ ಬಂದಿದ್ದ. ಬಂದವನು ಬಿಡದೆ ಯುದ್ಧದ ಕತೆ ಕೊರೆಯುತ್ತಿದ್ದ, ಅವನನ್ನು ಗೋಳು ಹೊಯ್ದುಕೊಳ್ಳಲೆಂದೇ ಗೆಳೆಯರು ಇಲ್ಲಿಗೆ ಊಟಕ್ಕೆ ಕರೆದರು. ಮಜಾ ಬಂತು, ನಾಳೆನೂ ಸೇರೋಣ ಅಂದರು. ಆ 'ನಾಳೆ' ಸುಮಾರು ಹತ್ತು ವರ್ಷ ನಡೆಯಿತು! ಕವಯಿತ್ರಿ ಡೊರೊತಿ ಪಾರ್ಕರ್, ಹಾಸ್ಯಬರಹಗಾರ ರಾಬರ್ಟ್ ಬೆಂಚ್ಲಿ, ಪತ್ರಕರ್ತ ಹೆರಾಲ್ಡ್ ರಾಸ್, ಒಬ್ಬರಿಗಿಂತ ಒಬ್ಬರ ನಾಲಿಗೆ ಹರಿತ. ತಮ್ಮನ್ನು ತಾವೇ 'ದುಷ್ಟಕೂಟ' ಅನ್ನೋ ಅರ್ಥದ ಹೆಸರಿನಿಂದ ಕರೆದುಕೊಳ್ಳುತ್ತಿದ್ದರು.

ನನಗೆ ಇಷ್ಟವಾಗುವವನು ಮಾತ್ರ ಕೇಸ್. ಅಷ್ಟೊತ್ತಿಗೆ ಹೋಟೆಲ್ ನಡೆಸುತ್ತಿದ್ದವನು ಅವನೇ. ಇವರಲ್ಲಿ ಎಷ್ಟೋ ಜನರ ಜೇಬು ಖಾಲಿ ಅಂತ ಗೊತ್ತಿದ್ದೂ ಎಬ್ಬಿಸಲಿಲ್ಲ. ದೊಡ್ಡ ದುಂಡು ಮೇಜು ಹಾಕಿಸಿದ, ಸೆಲರಿ ದಂಟು, ಪಾಪೋವರ್ ಬ್ರೆಡ್ಡು ಪುಕ್ಕಟೆ ಕೊಡಿಸಿದ. ಅವರು ಆಡಿದ ಮಾತು ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತಿತ್ತು, ಹೋಟೆಲಿನ ಹೆಸರೂ ಜೊತೆಗೇ ಬರುತ್ತಿತ್ತು. ದಾನದಲ್ಲೂ ಲೆಕ್ಕ ಇತ್ತು ಅನ್ನಿ! ಬರೀ ಊಟವಲ್ಲ, ಶನಿವಾರ ಮಹಡಿಯಲ್ಲಿ ಪೋಕರ್ ಆಟ. ಜೊತೆಗೆ ಆಡುತ್ತಿದ್ದ ಯೀಸ್ಟ್ ಕಂಪನಿ ಮನೆತನದ ರೌಲ್ ಫ್ಲೈಶ್‌ಮನ್ ಹಣ ಹಾಕಿದ, ರಾಸ್ 1925ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆ ಶುರು ಮಾಡಿದ. ಇಸ್ಪೀಟಿನಿಂದ ಮನೆ ಮುಳುಗಿದ್ದು ಕೇಳಿದ್ದೀವಿ, ಪತ್ರಿಕೆ ಹುಟ್ಟಿದ್ದು ಕೇಳಿರಲಿಲ್ಲ, ಅಲ್ವಾ?

ಆಮೇಲೆ ಒಬ್ಬೊಬ್ಬರೇ ಚದುರಿದರು. ಕೆಲವರು ಹಾಲಿವುಡ್ಡಿಗೆ ಹೋದರು, ಕೆಲವರಿಗೆ ಪುರಸೊತ್ತೇ ಇಲ್ಲ. ವಯಸ್ಸಾದ ಮೇಲೆ ಪಾರ್ಕರಳೇ, ಅಲ್ಲಿದ್ದವರು ಸುಮ್ನೆ ಜೋಕು ಹೊಡೆಯುವವರು, ನಿಜವಾದ ದೊಡ್ಡ ಬರಹಗಾರರಲ್ಲ ಅಂತ ತಳ್ಳಿಹಾಕಿದಳು. ಮಾತು ಕಠಿಣ, ಆದರೆ ಪೂರ್ತಿ ಸುಳ್ಳೇನಲ್ಲ. ಹರಟೆ ಚೆನ್ನಾಗಿ ಕೂಡಿಬಂದ ದಿನ ಬರೆಯೋದಕ್ಕೆ ಯಾರಿಗೆ ಮನಸ್ಸಾಗುತ್ತೆ?

ಆ ಹೋಟೆಲಿನ ಲಾಬಿಯಲ್ಲಿ ಬೆಕ್ಕು ಸಾಕುವ ರೂಢಿಯೂ ಇದೆ. ಗಂಡಾದರೆ ಹ್ಯಾಮ್ಲೆಟ್, ಹೆಣ್ಣಾದರೆ ಮಟಿಲ್ಡಾ. ಏನೂ ಆರ್ಡರ್ ಮಾಡದೆ ದಿನವಿಡೀ ಬಿದ್ದುಕೊಂಡಿದ್ದರೂ ಯಾರೂ ಎಬ್ಬಿಸುವುದಿಲ್ಲ.