ಮೂರು ತಿಂಗಳಲ್ಲಿ ಲ್ಯಾಬ್ ಅನಿಮಲ್ ಸ್ಪೆಷಲಿಸ್ಟ್? ಒಂದು ಸ್ಪಷ್ಟನೆ

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ವೆಟರ್ನರಿ ಡಿಗ್ರಿ ಆದವರು ಮೂರು ತಿಂಗಳ ಆನ್‌ಲೈನ್ ರೆಸಿಡೆನ್ಸಿ (ತಜ್ಞರಾಗಲು ಪಡೆಯುವ ತರಬೇತಿ) ಮಾಡಿದರೆ ಸಾಕು, ಪರೀಕ್ಷೆಯೇ ಇಲ್ಲದೆ ಅಮೆರಿಕದ ಲ್ಯಾಬ್ ಅನಿಮಲ್ ಸ್ಪೆಷಲಿಸ್ಟ್, ಅಂದರೆ ಪ್ರಯೋಗಾಲಯದ ಪ್ರಾಣಿಗಳ ತಜ್ಞ ವೈದ್ಯ, ಆಗಬಹುದಂತೆ. ಅದಕ್ಕೆ ನಮ್ಮ ದೇಶದ ಸಿಸಿಎಸ್‌ಇಎ ಎಂಬ ಸರ್ಕಾರಿ ಸಮಿತಿಯ ಮಾನ್ಯತೆಯೂ ಇದೆಯಂತೆ. ಎರಡೂ ತಪ್ಪು.

ಅಮೆರಿಕದಲ್ಲಿ ಈ ಸ್ಪೆಷಲಿಸ್ಟ್ ಮಾನ್ಯತೆ ಕೊಡುವುದು 1957ರಲ್ಲಿ ಶುರುವಾದ ಅಮೆರಿಕನ್ ಕಾಲೇಜ್ ಆಫ್ ಲ್ಯಾಬೊರೇಟರಿ ಅನಿಮಲ್ ಮೆಡಿಸಿನ್. ಅದು ಒಪ್ಪುವ ರೆಸಿಡೆನ್ಸಿ ಕಡಿಮೆ ಅಂದರೂ 2 ವರ್ಷದ್ದು. ಮೊದಲ ಲೇಖಕರಾಗಿ ಒಂದು ಸಂಶೋಧನಾ ಲೇಖನ ಪ್ರಕಟಿಸಬೇಕು. ಆಮೇಲೆ ಆ ಸಂಸ್ಥೆಯದೇ ಬೋರ್ಡ್ ಪರೀಕ್ಷೆ. ರೆಸಿಡೆನ್ಸಿ ಬದಲು ವರ್ಷಗಟ್ಟಲೆ ಕೆಲಸದ ಅನುಭವ ತೋರಿಸುವ ದಾರಿಯೂ ಇದೆ. ಆದರೆ ಲೇಖನ, ಪರೀಕ್ಷೆ ಎರಡೂ ಅಲ್ಲೂ ತಪ್ಪುವುದಿಲ್ಲ.

ಕೆಲಸವೇ ಅಂಥದ್ದು, ಮೊಬೈಲ್ ನೋಡಿ ಕಲಿಯುವುದಲ್ಲ. ಇಲಿಗೆ ಅರಿವಳಿಕೆ ಕೊಟ್ಟ ಮೇಲೆ ಹಿಂಗಾಲಿನ ಬೆರಳು ಚಿವುಟಿ ನೋಡಬೇಕು. ಕಾಲು ಎಳೆದುಕೊಂಡರೆ ಇನ್ನೂ ಕತ್ತರಿ ಇಡುವ ಹಾಗಿಲ್ಲ. ಅಷ್ಟು ಸಣ್ಣ ಮೈ ಬೇಗ ತಣ್ಣಗಾಗುತ್ತದೆ, ಕೆಳಗೆ ಬೆಚ್ಚನೆ ಪ್ಯಾಡ್ ಬೇಕು. ಮೊಲ, ಮೀನು, ಮಂಗ ಪ್ರತಿಯೊಂದಕ್ಕೂ ಲೆಕ್ಕ ಬೇರೆ. ಇದರ ಜೊತೆ ಸಂಶೋಧಕರ ಯೋಜನೆ ಓದಿ, ಪ್ರಾಣಿಗೆ ನೋವು ಕಡಿಮೆ ಮಾಡುವ ದಾರಿಯನ್ನೂ ಹೇಳಬೇಕು.

ಇನ್ನು ಸಿಸಿಎಸ್‌ಇಎ. ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರದ ಸಮಿತಿ. ಅಮೆರಿಕದ ಸ್ಪೆಷಲಿಸ್ಟ್ ಪಟ್ಟ ಕೊಡುವುದು ಅದರ ಕೆಲಸವೇ ಅಲ್ಲ.

ಮನ್ನುತ್ತಿ, ಪೂಕೋಡು, ಹೆಬ್ಬಾಳದ ವೆಟರ್ನರಿ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಸುಮ್ನೆ ದುಡ್ಡು ಕಟ್ಟುವುದು ಬೇಡ, ಅಲ್ವಾ? ದಯವಿಟ್ಟು ಆ ಮೆಸೇಜನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿಬಿಡಿ.