ನೋವು ಸೂಜಿಯದ್ದಲ್ಲ, ದ್ರವದ್ದು

ತುರ್ತಿನಲ್ಲಿ ಕೈಯ ರಕ್ತನಾಳ ಸಿಗದಾಗ ಮೂಳೆಯ ಮಜ್ಜೆಗೇ ಸೂಜಿ ಹಾಕಿ ದ್ರವ, ಔಷಧ ಕೊಡುವ ವಿಧಾನದ ಬಗೆಗಿನ ಲೇಖನದಲ್ಲಿ ‘ಮೂಳೆಗೆ ಸೂಜಿ ಇಳಿಸುವುದೇ ಘೋರ ನೋವು’ ಅಂತಿದೆ. ಪೂರ್ತಿ ಸರಿಯಲ್ಲ. ಸೂಜಿ ಇಳಿಸುವ ಪುಟ್ಟ ಡ್ರಿಲ್ ಒಳಹೋಗಲು ಕೆಲವೇ ಸೆಕೆಂಡು ಸಾಕು. ಎಚ್ಚರವಿರುವ ರೋಗಿ ನಿಜವಾಗಿ ಕಿರುಚುವುದು ಮಜ್ಜೆಯೊಳಕ್ಕೆ ದ್ರವ ಒತ್ತಿದಾಗ. ಅದಕ್ಕೇ ಮೊದಲು ಲಿಡೋಕೇನ್ (ಮರಗಟ್ಟಿಸುವ ಔಷಧ) ನಿಧಾನವಾಗಿ ಬಿಟ್ಟು, ಆಮೇಲೆ ಸಲೈನ್ ರಭಸದಿಂದ ತಳ್ಳುವುದು. ಹಾಗೆ ತಳ್ಳದಿದ್ದರೆ ಡ್ರಿಪ್ ಸರಿಯಾಗಿ ಓಡುವುದೇ ಇಲ್ಲ, ಹೊಸಬರು ಸೂಜಿ ತಪ್ಪಿದೆ ಅಂದುಕೊಂಡು ಕಿತ್ತುಬಿಡುತ್ತಾರೆ! ರಕ್ತಸ್ರಾವದಿಂದ ಕೈಯ ರಕ್ತನಾಳಗಳು ಕುಸಿದರೂ ಮೂಳೆಯೊಳಗಿನವು ಕುಸಿಯುವುದಿಲ್ಲ, ಸುತ್ತ ಗಟ್ಟಿ ಗೋಡೆ ಇದೆಯಲ್ಲ.

ಇನ್ನೊಂದು ಬಿಟ್ಟುಹೋಗಿದೆ: ಮುರಿದ ಮೂಳೆಗೆ ಹಾಕಬಾರದು, ದ್ರವ ಹೊರಗೆ ಸೋರುತ್ತದೆ. ಸ್ಫೋಟದಲ್ಲಿ ಕಾಲು ಛಿದ್ರವಾದ ಸೈನಿಕನಿಗೆ ಎದೆಮೂಳೆಯೋ ತೋಳಿನ ಮೇಲ್ತುದಿಯೋ ಗತಿ. ಎರಡನೇ ಮಹಾಯುದ್ಧದಲ್ಲೂ ಎದೆಮೂಳೆಯನ್ನು ಬಳಸುತ್ತಿದ್ದರು. ಸಾಮಾನ್ಯವಾಗಿ 24 ಗಂಟೆಯೊಳಗೆ ಸೂಜಿ ತೆಗೆಯಬೇಕು ಅನ್ನುವುದನ್ನೂ ಸೇರಿಸಿ.